ಮಳಿರಾಯನ ಅಂಗಡಿ

ಹುನಗುಂದದಲ್ಲಿ ಅರ್ಧ ಬಸ್ಸು ಇಳಿದುಹೋಗಿ ಕಿಟಕಿಯ ಪಕ್ಕದ ಸೀಟು ಸಿಕ್ಕಿದರೂ ಗುರುಲಿಂಗವ್ವ ಹೊರಗೆ ನೋಡಲಿಲ್ಲ. ಅವಳ ಧ್ಯಾನವೆಲ್ಲ ಕುಬಸದೊಳಗಿನ ಸಂಚಿಯ ಮೇಲಿತ್ತು. ಎಲೆ ಅಡಿಕೆ ಇಡುವ ಸಂಚಿಯಲ್ಲಿ ಈ ದಿನ ಒಂದು ಕಾರ್ಡು ಮಾತ್ರ ಇತ್ತು. ಬಸ್ಸು ತಗ್ಗಿಗೆ ಬಿದ್ದಾಗಲೆಲ್ಲ ಅದರ ಮೂಲೆ ಎದೆಗೆ ಚುಚ್ಚುತ್ತಿತ್ತು. ಚುಚ್ಚಿದಾಗ ಸಮಾಧಾನ, ಚುಚ್ಚದಿದ್ದರೆ ಎಲ್ಲಿ ಬಿತ್ತೋ ಎಂಬ ಗಾಬರಿ. ಬಾಗಲಕೋಟೆಯ ನವನಗರದಲ್ಲಿ ಕಾಲೇಜಿನ ಹುಡುಗರಿಗೆ ಗಣಿತ ಕಲಿಸುವ ಮಗಳು ಮಹೇಶ್ವರಿ ಹೋದ ತಿಂಗಳು ಕಮತಗಿಗೆ ಬಂದಾಗ ಅದನ್ನು ಅವ್ವನ ಅಂಗೈಯಲ್ಲಿಟ್ಟು ಬೆರಳು ಮಡಚಿದ್ದಳು. ತನ್ನ ಕಾರ್ಡಿನ ಜೋಡಿ ಮನೆಯವರಿಗೆ ಇನ್ನೊಂದು ಕೊಡುತ್ತಾರೆಂದೂ, ಅದನ್ನು ಅವ್ವನ ಹೆಸರಿನಲ್ಲೇ ಮಾಡಿಸಿದ್ದೇನೆಂದೂ ಹೇಳಿದ್ದಳು. "ಅಂಗಡ್ಯಾಗ ಕೊಡು, ಮಶಿನ್ನಿಗೆ ತಿಕ್ಕತಾರ, ಚೀಟಿ ಬರ್ತೈತಿ, ಸಹಿ ಮಾಡು. ಮುಂದಿಂದು ನಾ ನೋಡ್ಕೋತೇನಿ." ಮಗ್ಗದ ಮುಂದೆ ಕುಳಿತಿದ್ದ ಗಂಡ ಹೊಳಬಸಪ್ಪ ಲಾಳಿ ನಿಲ್ಲಿಸಿ, "ಉದ್ರಿ ಅನ್ನು ಹಂಗಾರ," ಎಂದಿದ್ದ. "ಉದ್ರಿ ಅಲ್ಲಪ್ಪಾ, ಕ್ರೆಡಿಟ್," ಎಂದು ಮಗಳು ತಿದ್ದಿದ್ದಳು. "ಅದ ಅಲ್ಲೇನು ಮತ್ತ?" ಎಂದು ಅವನು ಮತ್ತೆ ಲಾಳಿ ಎಳೆದಾಗ ಮೂವರೂ ನಕ್ಕಿದ್ದರು. ನಗು ಮುಗಿದ ಮೇಲೂ ಗುರುಲಿಂಗವ್ವನ ಹೆಬ್ಬೆರಳು ಕಾರ್ಡಿನ ಮೇಲೆ ಓಡಾಡುತ್ತಲೇ ಇತ್ತು. ಅಕ್ಷರಗಳು ಉಬ್ಬಿದ್ದವು. ಇಂಗ್ಲಿಷು ಅವಳಿಗೆ ಬರುತ್ತಿರಲಿಲ್ಲ. ಆದರೆ ಆ ಉಬ್ಬು ತನ್ನ ಹೆಸರು ಎಂದು ಗೊತ್ತಾದ ಮೇಲೆ ಎಳೆ ತುಂಡಾದ ಜಾಗವನ್ನು ಕತ್ತಲಲ್ಲೂ ಹುಡುಕಬಲ್ಲ ಅವಳ ಬೆರಳಿಗೆ ಅದು ಎರಡೇ ದಿನದಲ್ಲಿ ಬಾಯಿಪಾಠವಾಗಿಹೋಯಿತು. ಅಡುಗೆ ಮನೆಯಲ್ಲಿ ರೊಟ್ಟಿ ಬಡಿದು ಕೈ ತೊಳೆದುಕೊಂಡು ಬಂದು, ಯಾರೂ ಇಲ್ಲದಾಗ, ಅದನ್ನೊಮ್ಮೆ ಸವರಿ ಮತ್ತೆ ಡಬ್ಬಿಯಲ್ಲಿಡುವುದು ರೂಢಿಯಾಯಿತು. ಪಡಿತರ ಚೀಟಿಯಲ್ಲಿ, ಮತದಾರರ ಚೀಟಿಯಲ್ಲಿ ಅವಳ ಹೆಸರಿತ್ತು. ಆದರೆ ಅಲ್ಲೆಲ್ಲ ಅದು ಗಂಡನ ಹೆಸರಿನ ಪಕ್ಕದಲ್ಲೋ ಕೆಳಗೋ ಚಪ್ಪಟೆಯಾಗಿ ಮಲಗಿತ್ತು. ಇಲ್ಲಿ ಒಂದೇ ಎದ್ದು ನಿಂತಿತ್ತು.

ಇಳಕಲ್ಲಿಗೇ ಹೋಗಬೇಕು, ಆ ಅಂಗಡಿಯಲ್ಲೇ ತೆಗೆದುಕೊಳ್ಳಬೇಕು, ಬೇರೆಯವರಿಗಲ್ಲ, ಅವ್ವ ತನಗೇ ಒಂದು ಸೀರೆ ತೆಗೆದುಕೊಳ್ಳಬೇಕು ಎಂಬುದು ಮಗಳ ಹಟ. ಹಟಕ್ಕೆ ಕಾರಣವಾದ ಮಾತು ಗುರುಲಿಂಗವ್ವನದೇ. ಆ ಸಲ ಮಹೇಶ್ವರಿ ಪೇಪರು ಓದುತ್ತ, "ಲಂಡನ್ನದಾಗ ಈಗ ತಿಕ್ಕೂದೂ ಇಲ್ಲಂತ ಅವ್ವಾ. ಮಶಿನ್ನಿನ ಮ್ಯಾಲ ಸುಮ್ಮನ ಹಿಡದರ ಸಾಕಂತ. ಯಾರ ಕೈನೂ ಯಾರಿಗೂ ತಾಗೂದಿಲ್ಲ," ಎಂದಿದ್ದಳು. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಗುರುಲಿಂಗವ್ವ ತಲೆ ಎತ್ತದೆ, "ಅದರಾಗೇನು ಹೊಸಾದೈತಿ? ನಮ್ಮ ಮಳಿರಾಯ ಆವಾಗ ಮಾಡ್ತಿದ್ದ," ಎಂದುಬಿಟ್ಟಳು. ಮಗಳು ನಗಲಿಲ್ಲ. ಸಣ್ಣವಳಿದ್ದಾಗಿನಿಂದ ಆ ಕಥೆ ಕೇಳಿ ಕೇಳಿ ಅವಳೊಳಗೆ ಅದು ಬೇರೆಯೇ ಆಗಿ ಬೆಳೆದಿತ್ತು. ಇಳಕಲ್ಲಿನ ಶಿವಲಿಂಗಪ್ಪ ಸಾವುಕಾರನ ಅಂಗಡಿಯ ಪಕ್ಕದ ಸಂದಿಯಲ್ಲಿ ಒಂದು ಗೂಡುಕಿಟಕಿ. ಒಳಗೆ ಕತ್ತಲು. ನೇಯ್ದ ಸೀರೆಯನ್ನು ಈ ಕಡೆಯಿಂದ ಒಳಗೆ ತಳ್ಳಬೇಕು, ಕೂಲಿಗೆ ಕೈ ಒಡ್ಡಬೇಕು. ಆಗ ಉದ್ದ ತೋಳಿನ ಅಂಗಿಯ ಒಂದು ಮುಷ್ಟಿ ಮೇಲೆ ಕಾಣಿಸಿಕೊಂಡು, ಒಂದು ಗೇಣು ಎತ್ತರದಲ್ಲೇ ನಿಂತು, ತೆರೆಯುತ್ತಿತ್ತು. ನಾಣ್ಯ, ಮಡಚಿದ ನೋಟು ಅಂಗೈಗೆ ಬೀಳುತ್ತಿದ್ದವು. ಒಂದು ಸಲ ರೂಪಾಯಿಯೊಂದು ಪುಟಿದು ಗಟಾರಕ್ಕೆ ಬಿತ್ತು. ಹಿಂದೆ ನಿಂತ ಹೆಂಗಸರೆಲ್ಲ ನೋಡುತ್ತಿದ್ದಂತೆ ಗುರುಲಿಂಗವ್ವ ಕುಕ್ಕರಗಾಲಲ್ಲಿ ಕುಳಿತು ಆ ಕರಿ ನೀರಿನಲ್ಲಿ ಬೆರಳಾಡಿಸಿದಳು. ಒಳಗಿನಿಂದ ಒಂದು ಮಾತೂ ಬರಲಿಲ್ಲ. ಸಿಕ್ಕಿತು, ಸೆರಗಿಗೆ ಒರೆಸಿಕೊಂಡಳು. ಬಸ್‌ಸ್ಟ್ಯಾಂಡಿನವರೆಗೂ ಸುಮ್ಮನೆ ನಡೆದು, ಅಲ್ಲಿ ಇದ್ದಕ್ಕಿದ್ದಂತೆ, "ಮಳಿರಾಯ ನೋಡ್ರೆವಾ, ಮ್ಯಾಲಿಂದ ಉದುರಸ್ತಾನ," ಎಂದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಆ ಹೆಸರೇ ನಿಂತಿತು. ಗಂಡಸರಿಗೂ ಹಾಗೇ ಹಾಕುತ್ತಾನೆಂದು ಹೊಳಬಸಪ್ಪ ಒಂದೆರಡು ಸಲ ಹೇಳಿದ್ದ. ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಹೆಣ್ಣೆಂದೋ, ನೇಕಾರರೆಂದೋ, ಬಡವರೆಂದೋ, ಆ ಗೇಣಿನ ಅಂತರಕ್ಕೆ ಒಂದು ಹೆಸರಂತೂ ಇರಲೇಬೇಕಿತ್ತು. ಮಗಳು ಎಸ್ಸೆಸ್ಸೆಲ್ಸಿ ಓದುವಾಗ ತೂಕಡಿಸಿದರೆ, "ಮಲಗು ಮಲಗು, ನೀನೂ ಹೋಗಿ ಮಳಿರಾಯನ ಮುಂದ ಕೈ ಹಿಡಿ," ಎನ್ನುತ್ತಿದ್ದಳು. ಹುಡುಗಿ ಎದ್ದು ಮುಖ ತೊಳೆದುಕೊಂಡು ಬಂದು ಕೂಡುತ್ತಿದ್ದಳು. ಅಷ್ಟು ಉಪಯೋಗಕ್ಕೆ ಬಂದ ಸಿಟ್ಟು ಅದು.

ಇಳಕಲ್ಲಿನ ಬಸ್‌ಸ್ಟ್ಯಾಂಡಿನಿಂದ ಪೇಟೆಗೆ ಬರುವಾಗ ಕೆಂಪು ಗ್ರಾನೈಟಿನ ದಿಮ್ಮಿ ಹೊತ್ತ ಲಾರಿಯೊಂದು ರಸ್ತೆಗೆ ಅಡ್ಡ ನಿಂತಿತ್ತು. ಅದನ್ನು ಬಳಸಿ, ಬೀಜದ ಅಂಗಡಿ, ಮೊಬೈಲು ಅಂಗಡಿ ದಾಟಿ, ಬಂದೆ ಎಂದುಕೊಳ್ಳುವಷ್ಟರಲ್ಲಿ ಅವಳು ಸಂದಿಯೊಳಗೆ ಇದ್ದಳು. ಕಾಲು ತಾನಾಗಿಯೇ ತಿರುಗಿತ್ತು. ಗೂಡುಕಿಟಕಿ ಇದ್ದ ಕಡೆ ಗೋಡೆ ಗಿಲಾವು ಮಾಡಿ ಬಣ್ಣ ಹಚ್ಚಿದ್ದರು. ಅದಕ್ಕೆ ಒರಗಿ ಒಂದು ಜನರೇಟರು ನಿಂತಿತ್ತು. ಗಟಾರದ ಮೇಲೆ ಕಲ್ಲು ಹಾಸಿದ್ದರು. ಮಹಡಿಯ ಮೇಲಿಂದ ಯಾರೋ ಹೆಂಗಸು ಫೋನಿನಲ್ಲಿ ದೊಡ್ಡ ದನಿಯಲ್ಲಿ ಮಾತಾಡುತ್ತಿರುವುದು ಕೇಳಿಸುತ್ತಿತ್ತು. ಗುರುಲಿಂಗವ್ವ ಬೋಳು ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಏನೋ ಮರೆತವಳಂತೆ ಕುಬಸ ಮುಟ್ಟಿ ನೋಡಿಕೊಂಡು, ಯಾರೂ ನೋಡಲಿಲ್ಲವಲ್ಲ ಎಂದು ಹಿಂದೆ ಮುಂದೆ ನೋಡಿ, ಹೊರಗೆ ಬಂದು, ಅಂಗಡಿಯ ಮುಂದಿನ ಮೆಟ್ಟಿಲು ಹತ್ತಿದಳು. ಅವು ಅಷ್ಟು ಸಣ್ಣ ಮೆಟ್ಟಿಲುಗಳು ಎಂದು ಅವಳಿಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಈ ಊರಿಗೆ ಬಂದು ಹೋದರೂ ಒಂದು ಸಲವೂ ಅವುಗಳ ಮೇಲೆ ಕಾಲಿಟ್ಟಿರಲಿಲ್ಲ.

ಒಳಗೆ ಉದ್ದಕ್ಕೂ ಗಾದಿ, ಅದರ ಮೇಲೆ ಬಿಳಿ ಹಾಸು. ಹುನಗುಂದದ ಕಡೆಯ ಒಂದು ಮದುವೆ ಮನೆಯವರು ಗಾದಿಯ ಮುಕ್ಕಾಲು ಭಾಗ ಹಿಡಿದು, ಮಡಿಲ ತುಂಬ ಸೀರೆ ಹರವಿಕೊಂಡು ಕುಳಿತಿದ್ದರು. ಗುರುಲಿಂಗವ್ವ ಚಪ್ಪಲಿ ಬಿಟ್ಟವಳು ತನ್ನ ಹಿಮ್ಮಡಿಯ ಒಡಕುಗಳನ್ನು ನೋಡಿದಳು, ಬಿಳಿ ಹಾಸನ್ನು ನೋಡಿದಳು. ಮೊಣಕಾಲು ಮಡಚಿ, ಅಂಚಿನಲ್ಲಿ, ಯಾರಾದರೂ ಏಳು ಎಂದರೆ ಏಳುವ ಹಾಗೆ ಕುಳಿತಳು. "ಅಲ್ಲೆ ಯಾಕ ಕುಂತ್ರಿ ಅವ್ವಾರ, ಹಿಂಗ ಮುಂದ ಬರ್ರಿ," ಎಂದವನು ಸಾವುಕಾರನ ಮಗ ಅನಿಲಕುಮಾರ. ನಲವತ್ತರ ಆಸುಪಾಸಿನ, ನಗುಮುಖದ, ಬೆವರಿದ ಮನುಷ್ಯ. ಇವನನ್ನು ಎಂದೂ ನೋಡಿರಲಿಲ್ಲ. ಆಗ ಸಾಲೆಯಲ್ಲಿದ್ದಿರಬೇಕು. "ಯಾವ ತರಾ ತೋರಸ್ಲಿ?" ಎಂದು ಅವನು ಕೇಳಿದ. ದಾರಿಯುದ್ದಕ್ಕೂ ಕಾರ್ಡಿನ ಬಗ್ಗೆ, ಸಹಿಯ ಬಗ್ಗೆ, ಮಳಿರಾಯನ ಬಗ್ಗೆ ಯೋಚಿಸಿದ್ದಳೇ ಹೊರತು ಸೀರೆಯ ಬಗ್ಗೆ ಯೋಚಿಸಿರಲಿಲ್ಲ. "ಇಳಕಲ್ಲ ಸೀರಿ," ಎಂದಳು. ಇಳಕಲ್ಲಿನ ಅಂಗಡಿಯಲ್ಲಿ ಕುಳಿತು ಹಾಗೆಂದದ್ದಕ್ಕೆ ಮದುವೆ ಮನೆಯ ಒಬ್ಬ ಹುಡುಗಿ ಬಾಯಿಗೆ ಸೆರಗು ಹಿಡಿದಳು. ಅನಿಲಕುಮಾರ ನಗಲಿಲ್ಲ. ಮಗ್ಗದವೇ ತೆಗೆಯಲೇ ಎಂದು ಕೇಳಿ, ಒಂದರ ಮೇಲೊಂದು ಬಿಚ್ಚತೊಡಗಿದ.

ಸೀರೆ ಬಿದ್ದಂತೆಲ್ಲ ಅವಳ ಕೈ ಮುಂದೆ ಹೋಗಿ ಸೆರಗನ್ನು ತಿರುಗಿಸಿ ಹಿಂಬದಿ ನೋಡುತ್ತಿತ್ತು, ದಡಿಯ ಹತ್ತಿರ ಎಳೆ ಬಿಟ್ಟಿದೆಯೇ ಎಂದು ಉಗುರಿನಿಂದ ಕೆರೆಯುತ್ತಿತ್ತು. ಹೀಗೆ ಸುಮಾರು ಹೊತ್ತು ಮಾಡಿದ ಮೇಲೆ, ತಾನು ಕೊಳ್ಳಲು ಬಂದವಳಂತೆ ಅಲ್ಲ, ನೇಯ್ದು ತಂದವಳಂತೆ ನೋಡುತ್ತಿದ್ದೇನೆ ಎಂದು ಅವಳಿಗೇ ಅನ್ನಿಸಿತು. ಎಲ್ಲಿ ನೇಯ್ಗೆಯಲ್ಲಿ ತಪ್ಪು ತೆಗೆದು ಹೆಸರಿಡುತ್ತಾರೋ ಎಂಬ ಹಳೆಯ ಅಂಜಿಕೆ. ಬಟ್ಟೆಯನ್ನು ಪರೀಕ್ಷೆ ಮಾಡುವುದು ಗೊತ್ತಿತ್ತು, ಬಯಸುವುದು ಗೊತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಕುಣಿಮಗ್ಗದಲ್ಲಿ ನವಿಲುಗೊರಳಿನ ಬಣ್ಣದ್ದೊಂದು ನೇಯುವಾಗ, ಬಾಗಿಲಿನಿಂದ ಬಿಸಿಲು ಬಿದ್ದರೆ ಹಸಿರು, ಮೋಡವಾದರೆ ನೀಲಿ ಆಗುತ್ತಿದ್ದ ಅದನ್ನು ನೋಡುತ್ತ ನೋಡುತ್ತ ಕೈ ನಿಧಾನವಾಗಿತ್ತು. ಅತ್ತೆ ಒಳಗಿನಿಂದ, "ಯಾಕ, ಲಾಳಿ ನಿದ್ದಿ ಮಾಡತೈತೇನು?" ಎಂದು ಕೇಳಿದ್ದಳು. ಆ ಸೀರೆ ಯಾರ ಮೈಮೇಲೆ ಹೋಯಿತೋ. ಸೊಲ್ಲಾಪುರದ ಕಡೆಯ ಯಾರೋ ಗೌಡತಿಯ ಪೆಟ್ಟಿಗೆಯಲ್ಲಿ ಮಡಿಕೆ ಸೀಳಿ ಹರಿದುಹೋಗಿರಬೇಕು. "ನವಿಲಗೊರಳಂದು ಐತೇನ್ರಿ?" ಎಂದು ಅವಳು ಕೇಳಿದಾಗ ದನಿ ಸಣ್ಣಗಾಗಿತ್ತು, ತಿನ್ನಬಾರದ್ದನ್ನು ಬೇಡುವ ಬಸುರಿಯ ಹಾಗೆ. ಇತ್ತು. ಅನಿಲಕುಮಾರ ಅದನ್ನು ಒಂದೇ ಬೀಸಿಗೆ ಗಾದಿಯ ತುಂಬ ಹಾಸಿದ. ಟ್ಯೂಬ್‌ಲೈಟಿನ ಕೆಳಗೆ ಅದು ಹಸಿರೂ ಅಲ್ಲದೆ ನೀಲಿಯೂ ಅಲ್ಲದೆ ಹೊಳೆಯಿತು. ಕೆಂಪು ಸೆರಗಿನಲ್ಲಿ ಬಿಳಿಯ ತೆನೆಗಳು ಸಾಲಾಗಿ ನಿಂತಿದ್ದವು. ಗುರುಲಿಂಗವ್ವ ಹಿಂಬದಿ ತಿರುಗಿಸಿ ನೋಡಲಿಲ್ಲ. "ಇದ ಇರಲಿ," ಎಂದಳು.

ಅಲ್ಲಿಂದ ಮುಂದಿನದಕ್ಕೆ ಅವಳು ತಯಾರಾಗಿ ಬಂದಿದ್ದಳು. ಮಗ್ಗುಲಿಗೆ ತಿರುಗಿ ಸಂಚಿ ತೆಗೆದು, ಕಾರ್ಡನ್ನು ಎರಡೂ ಕೈಯಿಂದ ಹಿಡಿದು ಮುಂದೆ ಚಾಚಿದಳು. ಅನಿಲಕುಮಾರ ಅದನ್ನು ತೆಗೆದುಕೊಂಡ, ನೋಡಿದ. ಆಮೇಲೆ ಅವಳನ್ನು ನೋಡಿದ. ಕಮತಗಿಯ ಬಿಸಿಲಿಗೆ ಬಣ್ಣ ಹೋದ ಸೀರೆ, ಕಾಲುಂಗುರ, ಎಲೆ ಅಡಿಕೆಗೆ ಕೆಂಪಾದ ಹಲ್ಲು, ಎಲ್ಲವನ್ನೂ ಆ ನೋಟ ಒಂದು ಕ್ಷಣದಲ್ಲಿ ಸವರಿಕೊಂಡು ಹೋದದ್ದು ಅವಳಿಗೆ ಗೊತ್ತಾಯಿತು. "ಇದು ನಿಮ್ಮದ ಏನ್ರಿ?" ಎಂದ. ಕೇಳಿದ ಕೂಡಲೇ ಅವನ ಮುಖ ಕೆಂಪಾಯಿತು. "ಅಲ್ಲ, ಬ್ಯಾರೆಯವರು ತಂದ್ರ ತಗೋಬ್ಯಾಡ್ರಿ ಅಂತ ಬ್ಯಾಂಕಿನವರು ಹೇಳ್ಯಾರ, ಅದಕ್ಕ ಕೇಳಿದ್ನಿ," ಎಂದು ತಾನೇ ತೊಡರಿಕೊಂಡ. "ನಂದರಿ. ಹೆಸರೈತಿ ನೋಡ್ರಿ," ಎಂದಳು. ಮದುವೆ ಮನೆಯ ಮಾತು ನಿಂತುಹೋಗಿತ್ತು. ಮೂಲೆಯಲ್ಲಿ, ಬೆಣ್ಣೆ ಕಾಗದದಂಥ ಹೊದಿಕೆಯ ಕೆಳಗೆ, ಫೋನಿನ ಪಕ್ಕದಲ್ಲಿದ್ದ ಬೂದು ಮಶಿನ್ನನ್ನು ಅವನು ತೆಗೆದ. ಬಂದು ಒಂದೂವರೆ ತಿಂಗಳಾಯಿತು, ಗ್ರಾನೈಟಿನ ಸಾಹೇಬರೊಬ್ಬರು ಬಿಟ್ಟರೆ ಯಾರೂ ಕಾರ್ಡು ಕೊಟ್ಟಿಲ್ಲ ಎಂದ. ಕಾರ್ಡನ್ನು ಅದರ ಸೀಳಿನಲ್ಲಿ ಎಳೆದ. ಮಶಿನ್ನು ಹಲ್ಲಿಯಂತೆ ಲೊಚಗುಟ್ಟಿ, ಯೋಚಿಸಿ, ಕುಂಯ್ ಎಂದು ಸುಮ್ಮನಾಯಿತು. ಇನ್ನೊಮ್ಮೆ ಎಳೆದ. ಈ ಸಲ ಕಾರ್ಡನ್ನು ತೊಡೆಗೆ ಒರೆಸಿ ಎಳೆದ. ಮತ್ತೆ ಕುಂಯ್.

ಮದುವೆ ಮನೆಯ ಹಿರಿಯ ಹೆಂಗಸೊಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ಗುರುಲಿಂಗವ್ವನ ಕಿವಿ ಬಿಸಿಯಾದವು. ಕಳ್ಳಿ ಎಂದುಕೊಂಡರೇನೋ. ಕಾರ್ಡು ಡಬ್ಬಿಯಲ್ಲಿದ್ದಾಗ ಅಷ್ಟೊಂದು ಸಲ ಸವರಿದ್ದಕ್ಕೇ ಸವೆದುಹೋಯಿತೇ? ಎಣ್ಣೆಗೈಯಲ್ಲಿ ಮುಟ್ಟಿದ್ದೆನೇ? ಮಗಳಿಗೆ ಫೋನು ಮಾಡೋಣವೆಂದರೆ ಅವಳು ಪಾಠದಲ್ಲಿರುತ್ತಾಳೆ. ಗಾದಿಯ ಮೇಲೆ ಹರಡಿದ್ದ ಸೀರೆಯನ್ನು ನೋಡಿದಳು. ಅದು ಈಗಾಗಲೇ ಸ್ವಲ್ಪ ದೂರ ಸರಿದಂತೆ ಕಂಡಿತು. ಎದ್ದು ಹೋಗಿಬಿಡುವುದು ಸುಲಭವಿತ್ತು. ಸಂದಿಯಲ್ಲಿ ನಿಂತ ಕಾಲದಲ್ಲಿ ಹಾಗೆ ಎದ್ದು ಹೋಗುವ ಅಧಿಕಾರ ಇರಲಿಲ್ಲ, ಕೂಲಿ ಬೀಳುವವರೆಗೆ ನಿಲ್ಲಬೇಕಿತ್ತು. ಈಗ ಇದೆ. ಇದ್ದರೂ ಏಳಬಾರದು ಅನ್ನಿಸಿತು. ಗಾದಿಯ ಅಂಚಿನಲ್ಲಿ ಕುಳಿತಿದ್ದವಳು ಚಕ್ಕಳಮಕ್ಕಳ ಹಾಕಿ ಸರಿಯಾಗಿ ಕುಳಿತಳು. ಅನಿಲಕುಮಾರ ಫೋನೆತ್ತಿ ಕಿವಿಗೆ ಹಿಡಿದು, ಮುಖ ಸಡಿಲಿಸಿ, ಮಹಡಿಯ ಮೇಲಿದ್ದ ಹೆಂಡತಿಗೆ ಕೇಳುವಂತೆ ತಲೆ ಎತ್ತಿ ಕೂಗಿದ: "ಏ, ಫೋನ್ ಇಡು ಒಂದೀಟು. ಲೈನ್ ಬೇಕಾಗೇತಿ." ಮೇಲಿನಿಂದ, "ಗುಳೇದಗುಡ್ಡದಿಂದ ನಮ್ಮವ್ವ ಮಾತಾಡಾಕತ್ತಾಳ, ಇಡ್ತೇನಿ ತಡೀರಿ," ಎಂಬ ಉತ್ತರ ಬಂತು. ಅವನು ಎಲ್ಲರ ಕಡೆ ನೋಡಿ ಕೈ ಚೆಲ್ಲಿದ. ಮಶಿನ್ನು ಫೋನಿನ ತಂತಿಯಿಂದಲೇ ಬ್ಯಾಂಕಿಗೆ ಕೇಳಬೇಕು, ಅತ್ತೆಯ ಮಾತು ಮುಗಿಯುವವರೆಗೆ ಬ್ಯಾಂಕಿಗೆ ದಾರಿಯಿಲ್ಲ, ಕಾರ್ಡಿನದೇನೂ ತಪ್ಪಿಲ್ಲ ಎಂದ. ಮದುವೆ ಮನೆಯವರು ಬಾಯ್ತುಂಬ ನಕ್ಕರು. ಈಗ ನಗುವಿನ ಗುರಿ ಬೇರೆಯಾಗಿತ್ತು. ಗುರುಲಿಂಗವ್ವನೂ ನಕ್ಕಳು.

"ಅಷ್ಟರಾಗ ನಾ ಮಡಚಿ ಇಡ್ತೇನಿ," ಎಂಬ ದನಿ ಬಂದದ್ದು ಒಳಬಾಗಿಲ ಪಕ್ಕದ ಕುರ್ಚಿಯಿಂದ. ಇಷ್ಟು ಹೊತ್ತು ಅವಳು ಆ ಮುದುಕನನ್ನು ನೋಡಿರಲಿಲ್ಲ. ಹಣೆಯ ತುಂಬ ವಿಭೂತಿ, ತೆಳ್ಳಗಿನ ಮೈ, ಮೊಣಕೈಯವರೆಗೆ ಮಡಚಿದ ಅಂಗಿ. ನಿಧಾನಕ್ಕೆ ಬಂದು ಅವಳೆದುರು ಕುಳಿತು ಸೀರೆಯ ಒಂದು ಚುಂಗು ಹಿಡಿದುಕೊಂಡ. ಇವನೇ. ಮುಖ ಸರಿಯಾಗಿ ನೋಡಿದ್ದೇ ಇಲ್ಲವಲ್ಲ, ಇವನೇ ಎಂದು ಹೇಗೆ ಗೊತ್ತಾಯಿತು ಎಂದು ಅವಳಿಗೇ ಆಶ್ಚರ್ಯವಾಯಿತು. "ಯಾವೂರವಾ ನಿಮ್ಮದು?" ಎಂದ. "ಕಮತಗಿ ರಿ." "ಕಮತಗಿ ಮಂದಿ ಭಾಳ ಬರ್ತಿದ್ರು ನಮ್ಮಲ್ಲೆ. ನೇಯವರು." "ನಾನೂ ಬರ್ತಿದ್ದೆ ರಿ." ಮುದುಕ ಕತ್ತೆತ್ತಿ ಅವಳ ಮುಖವನ್ನು ಹುಡುಕಿದ. ಸಿಗಲಿಲ್ಲ. "ಹೌದೇನು. ಕತ್ತಲಾಗ ಕುಂದರ್ತಿದ್ದೆ ನಾ, ಮಾರಿ ಕಾಣ್ತಿದ್ದಿಲ್ಲ," ಎಂದ. ಅಷ್ಟೇ. ಇಷ್ಟು ವರ್ಷ ಇವನನ್ನು ಹೊತ್ತುಕೊಂಡು ತಿರುಗಿದವಳು ಇವನ ನೆನಪಿನಲ್ಲಿ ಒಂದು ಮುಖವೂ ಆಗಿರಲಿಲ್ಲ. ಆ ಮಾತು ಕಾರ್ಡಿನ ಮೂಲೆಗಿಂತ ಹೆಚ್ಚು ಚುಚ್ಚಿತು.

ಅನಿಲಕುಮಾರ, "ಅಪ್ಪಾ, ಬಿಡ್ರಿ, ನಾ ಮಡಚ್ತೇನಿ," ಎಂದಾಗ ಮುದುಕ ಕೇಳಲಿಲ್ಲ. "ಇವಗ ಅಂಜಿಕಿ, ಗಿರಾಕಿ ನನ್ನ ಕೈ ನೋಡಿ ಎದ್ದು ಹೋಗ್ತಾವು ಅಂತ," ಎಂದು ಗುರುಲಿಂಗವ್ವನಿಗೆ ಹೇಳಿದ, ಯಾವುದೋ ಹಳೆಯ ನೆಂಟರಿಗೆ ಹೇಳುವ ಹಾಗೆ. ಆಗ ಅವಳು ಆ ಕೈಗಳನ್ನು ನೋಡಿದಳು. ಬೆರಳಿನಿಂದ ಮೊಣಕೈಯವರೆಗೆ ಚರ್ಮ ಒಣಗಿದ ಕೆರೆಯಂತೆ ಸೀಳಿ, ಮತ್ತೆ ಕೂಡಿಕೊಂಡು, ಅಲ್ಲಲ್ಲಿ ಬಿಳಿ ಬಿಳಿ ಗೆರೆಯಾಗಿ ಉಳಿದಿತ್ತು. "ಈಗ ಆರಾಮ ಅದಾವವಾ. ಹುಬ್ಬಳ್ಳಿ ಡಾಕ್ಟರು ಮುಲಾಮು ಕೊಟ್ಟಾರ. ಆಗ ಭಾಳ ಕೆಟ್ಟಿದ್ವು. ಸಣ್ಣಾಂವ ಇದ್ದಾಗ ಬಣ್ಣದ ಹಂಡೆದಾಗ ಕೈ ಹಾಕಿ ಹಾಕಿ ತೊಗಲಿಗೆ ಇಸಬು ಹತ್ತಿತ್ತು, ರಸಗಿ ಕೀವು ಸೋರ್ತಿತ್ತು. ಮಂದಿ ಮುಂದ ಕೈ ತಗೀಲಿಕ್ಕೆ ನಾಚಿಕಿ. ಯಾರಿಗರ ತಾಗಿದ್ರ ಅವರು ಸೆರಗಿಗೆ ಒರಸ್ಕೋತಿದ್ರು, ನನ್ನ ಕಣ್ಣ ಮುಂದ. ಅದಕ್ಕ ಆ ಕಿಂಡಿ ಮಾಡಿಸ್ಕೊಂಡು ಒಳಗ ಕುಂತ್ನಿ. ರೊಕ್ಕಾನೂ ಮ್ಯಾಲಿಂದ ಬಿಡ್ತಿದ್ನಿ." ಸೀರೆಯ ಮಡಿಕೆಯ ಮೇಲೆ ಅಂಗೈ ಎಳೆದು ನೀಟು ಮಾಡಿದ. ರೇಷ್ಮೆಯ ಎಳೆ ಆ ಸೀಳುಗಳಿಗೆ ಸಣ್ಣಗೆ ಸಿಕ್ಕಿ ಸರ್ರೆಂದಿತು. ಆಮೇಲೆ ನಕ್ಕ. "ಹೊರಗ ನನಗೊಂದು ಹೆಸರಿಟ್ಟಿದ್ರು ಹೆಣ್ಣಮಕ್ಕಳು. ಕಿಂಡಿಯಾಗ ಎಲ್ಲಾ ಕೇಳ್ತಿತ್ತು. ಮಳಿರಾಯ ಅಂತ."

"ಮನ್ಯಾಗ ಹೇಳಿದ್ನಿ," ಎಂದು ಮುದುಕ ಮುಂದುವರಿಸಿದ, "ನನ್ನ ಹೇಣ್ತಿಗೆ ಅದು ಭಾಳ ಸೇರಿತು. ಸಾಯೂತನಕ ಹಂಗ ಕರೀತಿದ್ಲು. ಮಳಿರಾಯ ಉಣ್ಣಾಕ ಬರ್ರಿ, ಮಳಿರಾಯ ಚಹಾ ಆರಾಕತ್ತೈತಿ. ಛಲೋ ಇತ್ತು ಹೆಸರು. ಇಟ್ಟಾಕಿ ಯಾರೋ ಶಾಣ್ಯಾಕಿ ಇರಬೇಕು." ತಾನಿಟ್ಟ ಹೆಸರು, ಅತ್ತೆಯ ಮನೆಯ ಯಾವುದೋ ಬೇಸರದಲ್ಲಿ, ಗಟಾರದ ವಾಸನೆಯ ಬೆರಳಿನೊಂದಿಗೆ ಸಿಟ್ಟಿನಲ್ಲಿ ಎಸೆದ ಮಾತು, ಈ ಮಹಡಿಯ ಮೇಲಿನ ಅಡುಗೆ ಮನೆಯಲ್ಲಿ ಇಷ್ಟು ವರ್ಷ ಉಂಡು ತಿಂದು ಪ್ರೀತಿಯ ಮಾತಾಗಿ ಬೆಳೆದಿತ್ತು. ಅಲ್ಲಿ ಕಮತಗಿಯಲ್ಲಿ ಅದೇ ಮಾತು ಒಬ್ಬ ಹುಡುಗಿಯನ್ನು ಎಬ್ಬಿಸಿ ಗಣಿತ ಕಲಿಸಿತ್ತು. ಆ ಗೇಣಿನ ಅಂತರದಲ್ಲಿ ಅವಳು ಏನೇನೋ ತುಂಬಿದ್ದಳು, ಹೆಣ್ಣು, ನೇಕಾರರು, ಬಡತನ. ಅಲ್ಲಿ ಇದ್ದದ್ದು ಒಬ್ಬ ಮನುಷ್ಯನ ನಾಚಿಕೆ. ಮೊದಲು ಬಂದದ್ದು ಅಯ್ಯೋ ಎಂಬ ಭಾವವಲ್ಲ, ಒಂದು ಬಗೆಯ ಸಣ್ಣ ಸಿಟ್ಟು: ತನ್ನದೆಂದು ಇಟ್ಟುಕೊಂಡಿದ್ದ ಒಂದು ದೂರನ್ನು ಈ ಮುದುಕ ಸೀರೆ ಮಡಚಿದಷ್ಟು ಸಲೀಸಾಗಿ ಕೈಯಿಂದ ತೆಗೆದುಕೊಂಡುಬಿಟ್ಟನಲ್ಲ. ಗಂಡಸರಿಗೂ ಹಾಗೇ ಹಾಕುತ್ತಾನೆಂದು ಹೊಳಬಸಪ್ಪ ಹೇಳಿದ್ದಾಗಲೇ ಕೇಳಿದ್ದರೆ? ಕೇಳಿದ್ದರೆ ಮಗಳನ್ನು ಎಬ್ಬಿಸಲು ಬೇರೆ ಏನನ್ನಾದರೂ ಹುಡುಕಬೇಕಾಗುತ್ತಿತ್ತು. ಮಹೇಶ್ವರಿಗೆ ಇದನ್ನು ಹೇಗೆ ಹೇಳುವುದು? ಹೇಳದಿದ್ದರೆ ಆಗದು. ಆದರೆ ಇವತ್ತೇ ಬೇಡ, ಅವಳು ಸೀರೆ ನೋಡಲಿ, ಉಟ್ಟಾಗ ನೋಡಲಿ, ಆಮೇಲೆ. ಸಿಟ್ಟು ಎಷ್ಟು ಹೊತ್ತು ಇತ್ತೋ, ಮುದುಕ ಕೊನೆಯ ಮಡಿಕೆ ಹಾಕುವಷ್ಟರಲ್ಲಿ ಅದು ಇರಲಿಲ್ಲ. ಅದು ಇದ್ದ ಜಾಗ ಹಲ್ಲು ಬಿದ್ದ ಸಂದಿಯ ಹಾಗೆ ಖಾಲಿಯಾಗಿ, ಹಗುರವಾಗಿ, ನಾಲಗೆ ಹೋಗಿ ಹೋಗಿ ಮುಟ್ಟುವ ಹಾಗಿತ್ತು.

ಮೇಲೆ ಫೋನು ಇಟ್ಟ ಸದ್ದು ಕೇಳಿಸಿತು. ಅನಿಲಕುಮಾರ ಕಾರ್ಡು ಎಳೆದ. ಮಶಿನ್ನು ಲೊಚಗುಟ್ಟಿತು, ದೂರದ ಯಾವುದೋ ಊರಿನೊಡನೆ ಚಿಲಿಪಿಲಿ ಮಾತಾಡಿತು, ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದಂತೆ ನಾಲಗೆ ಹೊರಚಾಚಿದ ಹಾಗೆ ಒಂದು ಚೀಟಿ ಹೊರಗೆ ಬಿಟ್ಟಿತು. "ಆತು ನೋಡ್ರಿ," ಎಂದು ಅವನು ತಾನೇ ಗೆದ್ದವನಂತೆ ಹೇಳಿದ. "ಮುಂದಮುಂದ ಇದೂ ಇರೂದಿಲ್ಲಂತ. ಎಳಿಯೂದು ಬ್ಯಾಡ, ಸಹಿ ಬ್ಯಾಡ, ಮ್ಯಾಲ ಹಿಡದರ ಸಾಕು, ಅಂಥಾ ಕಾರ್ಡ ಬರ್ತಾವ ಅಂತ ಬ್ಯಾಂಕಿನಾಂವ ಹೇಳ್ತಿದ್ದ." ಇದನ್ನು ಕೇಳಿ ಮುದುಕ, "ಅಲ್ಲಾ, ಅವು ನನ್ನ ಕಾಲಕ್ಕ ಬರಬೇಕಿತ್ತು," ಎಂದ. ಅವನ ಮಗ ನಕ್ಕ, ಗುರುಲಿಂಗವ್ವನೂ ನಕ್ಕಳು. ನಗುತ್ತ ಪೆನ್ನು ಹಿಡಿದಳು.

ಸಹಿ ಒಂದು ಉಳಿದಿತ್ತು. ಕಾರ್ಡಿನ ಬೆನ್ನಿಗೆ ಇದ್ದ ಬಿಳಿ ಪಟ್ಟಿಯಲ್ಲಿ ಮಗಳು ಅವಳಿಂದ ಸಹಿ ಮಾಡಿಸಿದಾಗ ಪೆನ್ನು ಜಾರಿ, ಅಕ್ಷರ ದೊಡ್ಡವಾಗಿ, 'ಗುರುಲಿಂಗ' ಎನ್ನುವಷ್ಟರಲ್ಲಿ ಪಟ್ಟಿ ಮುಗಿದುಹೋಗಿತ್ತು. 'ವ್ವ' ಅಂಚಿನಲ್ಲಿ ಮೊಣಕಾಲು ಮಡಚಿ ಕುಳಿತಿತ್ತು. ಮಗಳು ಹೈಸ್ಕೂಲಿನಲ್ಲಿದ್ದಾಗ ಸಾಕ್ಷರತೆಯವರು ಸಂಜೆ ಸಂಜೆ ಗುಡಿಯ ಕಟ್ಟೆಯ ಮೇಲೆ ಕಲಿಸಿದ ಅಕ್ಷರಗಳು ಅವು. ಅವುಗಳನ್ನು ಎರಡನೆಯ ಸಲ ಒಂದೇ ರೀತಿ ಬರೆಯುವುದು ಅವಳಿಗೆ ಎಂದೂ ಆಗಿರಲಿಲ್ಲ. "ಅದರಾಗ ಇದ್ದಂಗ ಬರೀಬೇಕೇನ್ರಿ, ಇಲ್ಲಾ ಪೂರಾ ಬರೀಲೆ?" ಎಂದು ಕೇಳಿದಳು. ಅನಿಲಕುಮಾರ ಕಾರ್ಡನ್ನು ತಿರುಗಿಸಿ ನೋಡಿ, "ಇಲ್ಲಿ ಜಾಗಾ ಐತಲ್ರಿ, ಪೂರಾ ಬರೀರಿ ಅವ್ವಾರ," ಎಂದ. ಮದುವೆ ಮನೆಯವರು ಮತ್ತೆ ತಮ್ಮ ಸೀರೆಗಳಿಗೆ ತಿರುಗಿದ್ದರು, ಯಾರೂ ನೋಡುತ್ತಿರಲಿಲ್ಲ. ಗುರುಲಿಂಗವ್ವ ಚೀಟಿಯನ್ನು ಗಾದಿಯ ಮೇಲೆ ಎಡಗೈಯಿಂದ ಒತ್ತಿ ಹಿಡಿದು, ಗು ಬರೆದಳು, ರು ಬರೆದಳು. ಅವಸರ ಮಾಡಲಿಲ್ಲ. ಮುದುಕ ಸೀರೆಯನ್ನು ಚೀಲಕ್ಕೆ ಹಾಕಿ, ಎರಡೂ ಕೈಯಿಂದ ಹಿಡಿದು, ಅವಳು ಮುಗಿಸುವವರೆಗೆ ಕಾದ. ಕೊನೆಯ ಒತ್ತು ಎಳೆದು ಅವಳು ತಲೆ ಎತ್ತಿದಾಗ ಚೀಲ ಕೊಟ್ಟ. ತೆಗೆದುಕೊಳ್ಳುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿತು. ಒರಟಾಗಿ, ಬೆಚ್ಚಗಿತ್ತು. "ಬರ್ತೇನ್ರಿ," ಎಂದಳು. "ಬರ್ರವಾ. ಈಗ ಮುಂದಿನ ಬಾಗಲಾ ಗೊತ್ತಾತಲ್ಲ," ಎಂದ. ಅವಳು ಸಂದಿಗೆ ಹೋಗಿ ಬಂದದ್ದನ್ನು ಅವನು ನೋಡಿದ್ದನೋ, ಅಥವಾ ಸುಮ್ಮನೆ ಅಂದನೋ, ಅವಳು ಕೇಳಲಿಲ್ಲ.

ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಿರ್ಚಿ ಕರಿಯುವ ವಾಸನೆ ರಸ್ತೆಯ ಮೇಲೆಲ್ಲ ಹಬ್ಬಿತ್ತು. ಇಷ್ಟು ಸಲ ಈ ಊರಿಗೆ ಬಂದರೂ ಗುರುಲಿಂಗವ್ವ ಇಲ್ಲಿ ಒಬ್ಬಳೇ ಕುಳಿತು ಏನೂ ತಿಂದಿರಲಿಲ್ಲ. ಗಂಡಸರ ನಡುವೆ ಹೊಕ್ಕು ಕೂಡುವುದು ಹೇಗೆಂದು ಯಾವಾಗಲೂ ದಾಟಿಹೋಗುತ್ತಿದ್ದಳು. ಇವತ್ತು ಹೊಟ್ಟೆ ಹಸಿದಿತ್ತು. ಒಳಗೆ ಹೋಗಿ ಗೋಡೆ ಬದಿಯ ಟೇಬಲ್ಲಿನಲ್ಲಿ ಕುಳಿತು ಒಂದು ಪ್ಲೇಟು ಮಿರ್ಚಿ, ಒಂದು ಚಹಾ ಎಂದಳು. ಕೇಳಿದವನು ಹೂಂ ಎಂದು ಹೋದ, ಏನೂ ಆಗಲಿಲ್ಲ. ಬೇರೆ ಕಡೆ ಜಾಗವಿಲ್ಲದ್ದಕ್ಕೆ ಎದುರಿನ ಕುರ್ಚಿಗೆ ಒಬ್ಬ ಹೆಂಗಸು ಬಂದು ಕುಳಿತಳು. ಹುನಗುಂದದಲ್ಲಿ ತನ್ನದು ಬಳೆಯ ಅಂಗಡಿಯೆಂದೂ, ಹೆಸರು ರೋಷನಬಿಯೆಂದೂ, ಮಾಲು ತರಲು ಬಂದಿದ್ದೇನೆಂದೂ ಕೇಳದೆಯೇ ಹೇಳಿದಳು. ಅವಳ ಕಣ್ಣು ಚೀಲದ ಬಾಯಲ್ಲಿ ಇಣುಕುತ್ತಿದ್ದ ಬಣ್ಣದ ಮೇಲಿತ್ತು. "ಭಾಳ ಛಂದ ಬಣ್ಣ ಐತ್ರಿ," ಎಂದು, ಕೈಯನ್ನು ತನ್ನ ಸೆರಗಿಗೆ ಚೆನ್ನಾಗಿ ಒರೆಸಿಕೊಂಡು, "ಮುಟ್ಟಿ ನೋಡ್ಲೇನು?" ಎಂದು ಕೇಳಿದಳು. ಗುರುಲಿಂಗವ್ವ ಚೀಲವನ್ನು ಅವಳ ಕಡೆ ಸರಿಸಿದಳು. ರೋಷನಬಿ ಸೆರಗಿನ ಚುಂಗು ಹೊರಗೆಳೆದು, ಬಾಗಿಲಿನಿಂದ ಬರುವ ಬೆಳಕಿಗೆ ಹಿಡಿದು, ಹಸಿರು, ಅಲ್ಲ ಅಲ್ಲ, ನೀಲಿ ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಂಡಳು. "ಮದವಿ ಐತೇನ್ರಿ ಮನ್ಯಾಗ? ಮಗಳಿಗೇನು ಇದು?"

ಹೊರಗೆ ಕಮತಗಿಯ ಮೇಲೆ ಹೋಗುವ ಬಾಗಲಕೋಟೆಯ ಬಸ್ಸು ಬಂದು ನಿಂತು ಹಾರ್ನು ಹಾಕುತ್ತಿತ್ತು. ಜನ ಓಡುತ್ತಿದ್ದರು. ಬಿಸಿ ಮಿರ್ಚಿಯ ಪ್ಲೇಟು ಆಗ ತಾನೇ ಬಂದಿತ್ತು.

"ಅಲ್ರಿ," ಎಂದಳು ಗುರುಲಿಂಗವ್ವ, ಮಿರ್ಚಿಯ ತೊಟ್ಟು ಮುರಿಯುತ್ತ. "ನನಗ."

ಬಸ್ಸು ಹೋಯಿತು. ಇನ್ನೊಂದು ಇತ್ತು. ಪ್ಲೇಟನ್ನು ಇಬ್ಬರ ನಡುವೆ ಸರಿಸಿ, ತಗೋರಿ ಎಂದಳು.